ಟವರು ಬಿಸಿಲು ನುಂಗುವ ಮುಂಚೆ

ನಮ್ಮ ಖೋಲಿಯ ಬಾಗಿಲು ಪಶ್ಚಿಮಕ್ಕೆ. ಮದುವೆಯಾಗಿ ಬೊರಿವಲಿಯ ಈ ಚಾಳಿಗೆ ಬಂದಾಗ ಬಾಗಿಲಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು. ಈಗ ಎದುರಿಗೆ ಹತ್ತಾರು ಮಹಡಿಯ ಒಂದು ಟವರು ಎದ್ದಿದೆ. ಬೇಸಗೆಯ ಸಂಜೆ ಬಿಸಿಲು ಪ್ಯಾಸೇಜಿನ ಮಾಡಿನ ಕೆಳಗೆ ಇಳಿದು, ಬಾಗಿಲೊಳಗೆ ನುಗ್ಗಿ, ಅಡುಗೆಕೋಣೆಯನ್ನು ಮರೆಮಾಡುವ ಗೋಡೆಯ ಮೇಲೆ ಬೀಳುತ್ತದೆ. ಇಪ್ಪತ್ತು ನಿಮಿಷ. ಆಮೇಲೆ ಸೂರ್ಯ ಟವರಿನ ಹಿಂದೆ ಹೋಗುತ್ತಾನೆ. ನಿಧಾನಕ್ಕೆ ಮಸುಕಾಗುವುದಿಲ್ಲ. ಯಾರೋ ಸ್ವಿಚ್ಚು ಒತ್ತಿದ ಹಾಗೆ ಬಿಸಿಲು ಹೋಗುತ್ತದೆ.

ಲಾಕ್‌ಡೌನ್ ಬರುವವರೆಗೆ ನಾನು ಇದನ್ನು ಗಮನಿಸಿರಲಿಲ್ಲ. ಆ ಹೊತ್ತಿಗೆ ನಾನು ತರಕಾರಿಗೆ ಹೋಗಿರುತ್ತಿದ್ದೆ. ಇವರು ದಾದರಿನಲ್ಲೋ ಇನ್ನೆಲ್ಲೋ ಏಣಿಯ ಮೇಲೆ ಇರುತ್ತಿದ್ದರು.

ಇವರು ಬೋರ್ಡು ಬರೆಯುವವರು. ನಮ್ಮ ಊರಿನವರ ಹೋಟೆಲುಗಳಲ್ಲಿ ಇಡ್ಲಿ, ವಡೆ, ಮಸಾಲೆ ದೋಸೆ ಎಂದು ಗೋಡೆಗೆ ನೇತುಹಾಕುತ್ತಾರಲ್ಲ, ಆ ಬೋರ್ಡುಗಳು. ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ, ಒಂದೊಂದು ಕಡೆ ಮೂಲೆಯಲ್ಲಿ ಕನ್ನಡದಲ್ಲಿ. ಕಂಪ್ಯೂಟರಿನಲ್ಲಿ ಮಾಡಿದ ಫ್ಲೆಕ್ಸು ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಆದರೂ ಹಳೆಯ ಧಣಿಗಳು ಕೆಲವರು ಇವರನ್ನೇ ಕರೆಯುತ್ತಿದ್ದರು. ಅಕ್ಷರ ಬಿಟ್ಟರೆ ಇವರು ಬೇರೇನೂ ಬರೆದವರಲ್ಲ. ಒಂದು ಹೂವು ಬರೆಯಿರಿ ಎಂದರೆ, "ಅದು ಪೇಂಟರುಗಳ ಕೆಲಸ" ಎನ್ನುತ್ತಿದ್ದರು.

ಎಲ್ಲ ಮುಚ್ಚಿದ ಮೊದಲ ವಾರ ಇವರು ಬ್ರಷ್ಷುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಕೂದಲು ನೇವರಿಸಿ, ಬಟ್ಟೆಯಲ್ಲಿ ಸುತ್ತಿಟ್ಟರು. ಎರಡನೆಯ ವಾರ ಅದನ್ನೇ ಬಿಚ್ಚಿ ಮತ್ತೆ ತೊಳೆದರು. ಹತ್ತಡಿಗೆ ಹನ್ನೆರಡಡಿಯ ಕೋಣೆ. ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು. ನಾನು ಅಕ್ಕಿ ಆರಿಸುತ್ತ ಕೂತರೆ ಇವರು ನನ್ನ ಬೆರಳನ್ನೇ ನೋಡುತ್ತಿದ್ದರು. ಹೊರಗೆ ಪೊಲೀಸರ ಮೈಕು, ಒಳಗೆ ಟೀವಿ. ಟೀವಿ ಆರಿಸಿದರೆ ಪಕ್ಕದ ಕೋಣೆಯ ಟೀವಿ. ಒಂದು ದಿನ ನಾನು, "ನನ್ನನ್ನು ನೋಡಬೇಡಿ, ಬೇರೆ ಏನಾದರೂ ನೋಡಿ" ಎಂದು ರೇಗಿದೆ. ಇವರು ಗೋಡೆಗೆ ತಿರುಗಿ ಕೂತರು. ಆಗ ಬಿಸಿಲು ಬಿತ್ತು. ಬಾಗಿಲ ಬಳಿ ಇದ್ದ ಬಕೆಟ್ಟಿನ ನೆರಳು ಗೋಡೆಯ ಬುಡದಲ್ಲಿ ಮೂಡಿತು, ಹಿಡಿಕೆ ಸಹಿತ.

ಇವರು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಅದರ ಅಂಚಿಗೆ ಗೆರೆ ಎಳೆದರು. ಬಿಸಿಲು ಹೋದ ಮೇಲೂ ಬಕೆಟ್ಟು ಗೋಡೆಯಲ್ಲೇ ಉಳಿಯಿತು. ಡಬ್ಬಿಯ ತಳದಲ್ಲಿ ಉಳಿದ ಹಳದಿ ಬಣ್ಣ ತುಂಬಿದರು.

ಆಮೇಲೆ ದಿನಾ ಒಂದು. ಕೊಡೆ, ಕುಕ್ಕರು, ತಂತಿಯಲ್ಲಿ ಒಣಗುವ ನನ್ನ ರವಿಕೆ. ಒಂದರ ಮೇಲೆ ಒಂದು ಬಿದ್ದರೂ ಅಳಿಸುತ್ತಿರಲಿಲ್ಲ. ರವಿಕೆಯ ಕೈ ಕುಕ್ಕರಿನೊಳಗೆ ಹೋಗಿದೆ ಎಂದರೆ, "ಇಷ್ಟು ಸಣ್ಣ ಮನೆಯಲ್ಲಿ ನಾವೂ ಹಾಗೇ ಅಲ್ವಾ?" ಎನ್ನುತ್ತಿದ್ದರು. ಮನೆಯಲ್ಲಿ ಇರುವ ಬಣ್ಣ ಮಾತ್ರ. ಹೊಸದು ತರಲು ಅಂಗಡಿ ಇಲ್ಲ. ಅದಕ್ಕೆ ಆ ಗೋಡೆಯಲ್ಲಿ ಹೋಟೆಲಿನ ಬಣ್ಣಗಳೇ ಇವೆ, ಮೆನುವಿನ ಹಳದಿ, ಬಾಗಿಲ ಕಂದು, "ಇಂದಿನ ವಿಶೇಷ" ಬರೆಯುವ ಕೆಂಪು.

ಮಗಳು ಪವಾಯಿಯಲ್ಲಿ ಇದ್ದಾಳೆ. ಅಲ್ಲೇ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ. ಸಂಜೆ ವಿಡಿಯೊ ಕಾಲ್ ಮಾಡಿದಾಗ ಗೋಡೆ ನೋಡಿದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ.

"ಅಮ್ಮ, ಪಪ್ಪಾ ಏನು ಮಾಡಿದ್ದು ಇದು? ಮತ್ಲಬ್, ಇದು ಸೀರಿಯಸ್ ಆರ್ಟ್ ಉಂಟು."

"ಕೇಳಿದಿರಾ? ಆರ್ಟ್ ಅಂತೆ" ಎಂದೆ.

"ಇಷ್ಟು ವರ್ಷ ಇಡ್ಲಿ ವಡೆ ಬರೆದೆ, ಒಂದು ದಿನ ಹೇಳಲಿಲ್ಲ ಅವಳು" ಎಂದರು ಇವರು. "ಬಕೆಟ್ಟು ಬರೆದ ಕೂಡಲೇ ಆರ್ಟಿಸ್ಟು." ಹೇಳುವಾಗ ಮುಖ ಅರಳಿತ್ತು. ನಾನು ನೋಡಿದೆ.

ಏಪ್ರಿಲ್ ಕೊನೆಯಲ್ಲಿ ಒಂದು ದಿನ ಇವರು ಗೋಡೆಯಲ್ಲಿ ಬಾಗಿಲ ಚೌಕಟ್ಟಿನ ನೆರಳಿಗೆ ಒಂದು ಗೆರೆ ಎಳೆದು, ನನ್ನ ಕೈಗೆ ಪೆನ್ಸಿಲು ಕೊಟ್ಟರು. "ಇವಳೇ, ಇವತ್ತು ನನ್ನನ್ನು ಬರಿ. ನನ್ನ ನೆರಳು ನಾನೇ ಬರೆಯಲಿಕ್ಕೆ ಆಗುವುದಿಲ್ಲ, ಕೈ ಆಡಿಸಿದರೆ ಅದೂ ಆಡುತ್ತದೆ."

ನಾನು ಏಳನೆಯ ಕ್ಲಾಸಿನವರೆಗೆ ಕಲಿತವಳು. ರಂಗೋಲಿ ಬಿಟ್ಟರೆ ಗೆರೆ ಎಳೆದವಳಲ್ಲ. ಇವರು ಗೋಡೆಯಿಂದ ಎರಡಡಿ ಈಚೆ, ಬಾಗಿಲಿಗೆ ಬೆನ್ನು ಹಾಕಿ ನಿಂತರು. ನಾನು ಕೂತು, ಮೊದಲು ನೆಲದ ಮೇಲೆ ಪಾದದ ಸುತ್ತ ಗೆರೆ ಹಾಕಿದೆ. ಆಮೇಲೆ ಗೋಡೆಯ ಮೇಲೆ ಮೊಣಕಾಲು, ಲುಂಗಿಯ ಅಂಚು, ಸೊಂಟ.

ಕೆಳಗಿನಿಂದ ಯಾಕೆ ಶುರುಮಾಡಿದೆ ಎಂದರೆ, ಅದು ನಾನು ಇವರಿಂದಲೇ ನೋಡಿ ಕಲಿತದ್ದು. ಮರಾಠಿ ಬೋರ್ಡು ಬರೆಯುವಾಗ ಇವರು ಅಕ್ಷರಗಳ ಮೈ ಎಲ್ಲ ಮೊದಲು ಬರೆಯುತ್ತಿದ್ದರು. ಎಲ್ಲ ಅಕ್ಷರಕ್ಕೂ ಮೇಲೆ ಹಾಯುವ ಅಡ್ಡಗೆರೆ ಕೊನೆಗೆ. ಉಸಿರು ಹಿಡಿದು, ಕೋಲಿನ ಮೇಲೆ ಮಣಿಕಟ್ಟು ಊರಿ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. "ಮೇಲಿನದು ಮೊದಲೇ ಹಾಕಿದರೆ ಕೆಳಗೆ ತಪ್ಪಿದ್ದು ತಿದ್ದಲಿಕ್ಕೆ ಆಗುವುದಿಲ್ಲ" ಎನ್ನುತ್ತಿದ್ದರು. ಅದೇ ನನ್ನ ತಲೆಯಲ್ಲಿತ್ತು. ಮೇಲಿನದು ಕೊನೆಗೆ.

ನನ್ನ ಕೈ ನಡುಗುತ್ತಿತ್ತು. ಗೆರೆ ಎರಡೆರಡು ಸಲ ಹಿಂದೆ ಹೋಗಿ ಬರುತ್ತಿತ್ತು.

"ಏನು, ನನ್ನ ಸೊಂಟದ ಹತ್ತಿರ ಘಾಟಿ ರಸ್ತೆ ಮಾಡ್ತಿದ್ದೀಯಾ?"

"ಸುಮ್ಮನೆ ನಿಲ್ಲಿ. ನಗಬೇಡಿ, ಹೊಟ್ಟೆ ಅಲ್ಲಾಡುತ್ತದೆ."

ಎಡಭುಜ ಮುಗಿಸಿ ಬಲಭುಜಕ್ಕೆ ಬಂದೆ. ಸ್ಟೂಲಿನ ಮೇಲೆ ಹತ್ತಿ ಕುತ್ತಿಗೆಗೆ ಪೆನ್ಸಿಲು ಇಟ್ಟೆ, ಅಷ್ಟರಲ್ಲಿ ಟವರು ಬಿಸಿಲು ನುಂಗಿತು. ಗೋಡೆ ಬರಿ ಗೋಡೆಯಾಯಿತು. ಇವರು ತಿರುಗಿ ನೋಡಿ ನಕ್ಕರು. "ನಾಳೆ ತಲೆ ಬರೆಯೋಣ. ತಲೆ ಎಲ್ಲಿಗೆ ಹೋಗ್ತದೆ, ಟ್ರೇನ್ ಸಹ ಇಲ್ಲ."

ಆ ರಾತ್ರಿ ಕೂತು ಕಂದು ಬಣ್ಣ ತುಂಬಿದರು, ಕುತ್ತಿಗೆಯವರೆಗೆ. ನನ್ನ ಡೊಂಕು ಗೆರೆಯ ಅಂಚಿಗೇ ಬ್ರಷ್ಷು ನಡೆಸಿದರು. ನೇರ ಮಾಡಿಬಿಡಿ ಎಂದರೆ ಕೇಳಲಿಲ್ಲ. "ನಿನ್ನ ಗೆರೆ ನಾನು ಯಾಕೆ ತಿದ್ದಲಿ?"

ಮಾರನೆಯ ಬೆಳಿಗ್ಗೆ ಚಾಳಿನ ಕೆಳಮಹಡಿಯಲ್ಲಿ ಒಬ್ಬರಿಗೆ ಕಾಯಿಲೆ ಎಂದು ಗೊತ್ತಾಯಿತು. ಮಧ್ಯಾಹ್ನದೊಳಗೆ ಪೊಲೀಸರು ಯಾರೂ ಇಳಿಯದಂತೆ ಮೆಟ್ಟಿಲಿಗೆ ಬಿದಿರು ಕಟ್ಟಿದರು. ನಮ್ಮ ಸಾಲಿನವರು ಹೆದರಿ, ಗಾಳಿಯಲ್ಲಿ ಬರುತ್ತದೆಂದು, ಪ್ಯಾಸೇಜಿನ ಉದ್ದಕ್ಕೂ ನೀಲಿ ಪ್ಲಾಸ್ಟಿಕ್ ಕಟ್ಟಿಬಿಟ್ಟರು. ಮಳೆಗಾಲಕ್ಕೆ ಕಟ್ಟುವುದನ್ನು ಆ ವರ್ಷ ಒಂದೂವರೆ ತಿಂಗಳು ಮೊದಲೇ ಕಟ್ಟಿದ್ದು. ಬಿಸಿಲು ನಿಂತಿತು. ಹಗಲಿಡೀ ಕೋಣೆಯಲ್ಲಿ ನೀಲಿ ಬೆಳಕು. ಅನ್ನ ಸಹ ನೀಲಿ ಕಾಣುತ್ತಿತ್ತು.

ಇವರು ಬೇಸರ ಮಾಡಿಕೊಳ್ಳಲಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ಬೋರ್ಡು ಬರೆದವರಿಗೆ ಸೂರ್ಯನ ಲೆಕ್ಕ ಗೊತ್ತಿತ್ತು. "ಇವನು ಉತ್ತರಕ್ಕೆ ಹೋಗಿ, ಬಂದ ದಾರಿಯಲ್ಲೇ ವಾಪಸು ಬರ್ತಾನೆ. ಆಗಸ್ಟಿನಲ್ಲಿ, ಚೌತಿಯ ಹತ್ತಿರ, ಬಿಸಿಲು ಇದೇ ಗೆರೆಗೆ ಬೀಳುತ್ತದೆ. ಆಗ ಪ್ಲಾಸ್ಟಿಕ್ ಸರಿಸಿ ತಲೆ ಹಾಕು."

ಮೇ ತಿಂಗಳಲ್ಲಿ ಬಿದಿರು ಬಿಚ್ಚಿದ ಮೇಲೆ ಒಬ್ಬ ಕಂತ್ರಾಟುದಾರ ಇವರಿಗೆ ಫೋನು ಮಾಡಿದ. ಒಂದು ಶಾಲೆಯಲ್ಲಿ ರೋಗಿಗಳಿಗೆ ಹಾಸಿಗೆ ಹಾಕುತ್ತಿದ್ದಾರೆ, ಗೋಡೆಗೆ ಹಾಸಿಗೆಯ ನಂಬರು ಬರೆಯಬೇಕು. ನಾನು ಬೇಡ ಎಂದೆ. "ಅಲ್ಲಿ ಇನ್ನೂ ಯಾರೂ ಇಲ್ಲ. ಖಾಲಿ ಮಂಚ. ಎರಡು ದಿನ ಕೈಕಾಲು ಆಡಿಸಿ ಬರ್ತೇನೆ" ಎಂದರು. ಹೋದರು. ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಅಲ್ಲೇ ಎಂದು ಹೇಳಲಾರೆ, ನಮ್ಮ ಚಾಳಿನಲ್ಲೂ ಇತ್ತು, ಹಾಲಿನ ಸಾಲಿನಲ್ಲೂ ಇತ್ತು. ಹತ್ತನೆಯ ದಿನ ಜ್ವರ ಬಂತು. ಹದಿಮೂರನೆಯ ದಿನ ಆಂಬುಲೆನ್ಸು. ಮೆಟ್ಟಿಲ ತಿರುವಿನಲ್ಲಿ ನನ್ನ ಕಡೆ ತಿರುಗಿದರು. ಬಾಯಿಗೆ ಮಾಸ್ಕು, ಅದರ ಮುಂದೆ ಪ್ಲಾಸ್ಟಿಕ್ ಹಾಳೆ, ಹಾಳೆಗೆ ಉಸಿರಿನ ಮಂಜು. ಕೈ ಎತ್ತಿದ್ದು ಕಂಡಿತು, ಮುಖ ಕಾಣಲಿಲ್ಲ.

ಮತ್ತೆ ನೋಡಲಿಲ್ಲ. ನನಗೂ ಬಂದಿತ್ತು. ಬಾಗಿಲಿಗೆ ಕಾಗದ ಅಂಟಿಸಿ ನನ್ನನ್ನು ಒಳಗೆ ಇಟ್ಟರು. ಆರನೆಯ ದಿನ ಮಗಳು ಫೋನಿನಲ್ಲಿ ಏನೂ ಹೇಳದೆ ಅತ್ತಳು, ಅದರಿಂದ ಗೊತ್ತಾಯಿತು. ಅಳಿಯ ಸ್ಮಶಾನಕ್ಕೆ ಹೋಗಿ ದೂರದಿಂದ ನೋಡಿ ಬಂದ. ಕಟ್ಟಿದ ಚೀಲ, ಅದರ ಮೇಲೆ ಹೆಸರಿನ ಚೀಟಿ. ಆ ಚೀಟಿಯ ಅಕ್ಷರ ಹೇಗಿತ್ತು ಎಂದು ನಾನು ಕೇಳಿದೆನಂತೆ. ನನಗೆ ನೆನಪಿಲ್ಲ.

ಆ ಹದಿನಾಲ್ಕು ದಿನ ನಾನು ಮತ್ತು ಗೋಡೆ. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಮಾವುಶಿ ಎನ್ನುವವರು, ಬಾಗಿಲ ಹೊರಗೆ ತಟ್ಟೆ ಇಟ್ಟು, ಬಳೆಯಿಂದ ಕಂಬಿಗೆ ಬಡಿದು ಹೋಗುತ್ತಿದ್ದರು. ಅತ್ತ ತಿರುಗಿ ಮಲಗಿದರೆ ಬಾಗಿಲು. ಇತ್ತ ತಿರುಗಿದರೆ ಇವರು, ಕುತ್ತಿಗೆಯವರೆಗೆ. ಚಾಪೆ ಎಲ್ಲಿ ಹಾಕಿದರೂ ಕಾಲು ಆ ಪಾದದ ಗೆರೆಗೆ ತಾಗುತ್ತಿತ್ತು. ನೆಲ ಒರೆಸುವಾಗ ಅದನ್ನು ಬಿಟ್ಟು ಸುತ್ತ ಒರೆಸಿದೆ. ಒಂದು ಸಲ ಗೋಡೆಗೆ ಸೀರೆ ಕಟ್ಟಿ ಮುಚ್ಚಿದೆ. ಅರ್ಧ ಗಂಟೆ ಇಡಲಾಗಲಿಲ್ಲ, ಬಿಚ್ಚಿದೆ.

ಊರಿನಿಂದ ಅತ್ತಿಗೆಯ ಫೋನು ಬರುತ್ತಿತ್ತು. ಅತ್ತಿಗೆ ಎಂದರೆ ಇವರ ಅಕ್ಕ. ಇವರನ್ನು ಎತ್ತಿ ಆಡಿಸಿದವರು. ಊರಿನಲ್ಲೇ ಉತ್ತರಕ್ರಿಯೆ ಎಂದು ನಾಲ್ಕು ಜನ ಕೂತು ಏನೋ ಮುಗಿಸಿದ್ದರು. "ಮನೆಗೆ ಸುಣ್ಣ ಹೊಡೆಸಿದೆಯಾ?" ಎಂದು ಕೇಳಿದರು. ಸಾವಿನ ಮನೆಗೆ ಸುಣ್ಣವಾಗಬೇಕು, ಆಗದೆ ಮೈಲಿಗೆ ಹೋಗುವುದಿಲ್ಲ. ನಾನು ಆಳು ಸಿಗುವುದಿಲ್ಲ ಎಂದೆ. ಆದರೆ ಮಗಳು ಅಷ್ಟರಲ್ಲಿ ಗೋಡೆಯ ವಿಷಯ ಅವರಿಗೆ ಹೇಳಿಬಿಟ್ಟಿದ್ದಳು.

"ತಲೆ ಇಲ್ಲದ ನೆರಳಾ?" ಅತ್ತಿಗೆಯ ಧ್ವನಿ ಕೆಳಗಿಳಿಯಿತು. "ಮಾರಾಯ್ತಿ, ನೆರಳಿಗೆ ತಲೆ ಕಾಣದಿದ್ದರೆ ಆರು ತಿಂಗಳೇ ಆಯುಸ್ಸು ಅಂತ ಹೇಳುವುದು ನಿನಗೆ ಗೊತ್ತಿಲ್ಲವಾ? ಅಂಥದ್ದನ್ನು ಗೋಡೆಗೆ ಬರೆದಿಟ್ಟುಕೊಳ್ಳುವುದಾ? ಯಾರು ಬರೆದದ್ದು?"

ನನಗೆ ಗೊತ್ತಿತ್ತು. ಅಜ್ಜಿ ಹೇಳಿದ್ದು, ಚಿಕ್ಕಂದಿನಲ್ಲಿ. ಪೆನ್ಸಿಲು ಕೈಯಲ್ಲಿ ಇದ್ದಾಗ ನೆನಪಾಗಲಿಲ್ಲ, ಅಷ್ಟೆ.

"ಅವರೇ ಬರೆದುಕೊಂಡದ್ದು" ಎಂದೆ.

"ಚೌತಿಯ ಮೊದಲು ಸುಣ್ಣ ಹೊಡೆಸು" ಎಂದು ಅತ್ತಿಗೆ ಫೋನು ಇಟ್ಟರು.

ಆ ಸುಳ್ಳು ಆಮೇಲೆ ನನ್ನ ಜೊತೆಗೇ ಆ ಕೋಣೆಯಲ್ಲಿ ಇತ್ತು. ಆರು ತಿಂಗಳು ಅಲ್ಲ, ಎರಡು ತಿಂಗಳು ಸಹ ತುಂಬಲಿಲ್ಲ. ಮೇಲಿನಿಂದ ಶುರುಮಾಡಿದ್ದರೆ ಏನಾಗುತ್ತಿತ್ತು? ಕಾಲು ಬರೆಯದೆ ಉಳಿಯುತ್ತಿತ್ತು. ಕಾಲು ಇಲ್ಲದ ನೆರಳಿಗೆ ಯಾವ ಅಜ್ಜಿಯೂ ಏನೂ ಹೇಳಿಲ್ಲ.

ಜುಲೈಯಲ್ಲಿ ಮಗಳ ಗೆಳತಿಯೊಬ್ಬಳು ಒಂದು ಪ್ರದರ್ಶನ ಮಾಡಿದಳು. ಮನೆಯೊಳಗೆ ಸಿಕ್ಕಿಬಿದ್ದವರು ಮನೆಯೊಳಗೇ ಮಾಡಿದ ಚಿತ್ರಗಳು. ನೋಡುವವರೂ ಮನೆಯಿಂದಲೇ, ಕಂಪ್ಯೂಟರಿನಲ್ಲಿ. ಮಗಳು ನಮ್ಮ ಗೋಡೆಯ ಫೋಟೊ ಕೊಟ್ಟಿದ್ದಳು. ಭಾನುವಾರ ಸಂಜೆ ನನ್ನ ಫೋನಿಗೂ ಲಿಂಕು ಕಳಿಸಿ ಒಳಗೆ ಕರೆದುಕೊಂಡಳು. ಪರದೆಯ ತುಂಬ ಸಣ್ಣ ಸಣ್ಣ ಚೌಕ, ಒಂದೊಂದು ಚೌಕದಲ್ಲಿ ಒಂದೊಂದು ಮುಖ. ನಮ್ಮ ಚಾಳನ್ನು ಮುಂದಿನಿಂದ ನೋಡಿದರೆ ಹೀಗೇ ಕಾಣುತ್ತದೆ. ಯಾರೋ ತಟ್ಟೆಯಲ್ಲಿ ಚಪಾತಿ ಹಾಕಿಕೊಂಡು ಕೂತಿದ್ದರು.

ಇತರರ ಚಿತ್ರಗಳೂ ಇದ್ದವು. ಒಬ್ಬಳು ದಿನಾ ಔಷಧಿಯ ಖಾಲಿ ಹಾಳೆಗಳನ್ನು ಹೊಲಿದು ಚಾದರ ಮಾಡಿದ್ದಳು. ಅದು ನನಗೆ ಇಷ್ಟವಾಯಿತು. ನಮ್ಮ ಗೋಡೆ ಬಂದಾಗ ಒಬ್ಬ ಗಡ್ಡದವನು ಇಂಗ್ಲಿಷಿನಲ್ಲಿ ತುಂಬ ಹೇಳಿದ. ನಡುನಡುವೆ ಹಿಂದಿ ಬಂದುದರಿಂದ ನನಗೆ ತಿಳಿಯಿತು. ತಲೆಯನ್ನು ಬೇಕೆಂದೇ ಬಿಟ್ಟಿದ್ದಾರೆ, ಈ ಶಹರು ದುಡಿಯುವವನ ಕೈಕಾಲು ಮಾತ್ರ ಬೇಡುತ್ತದೆ, ತಲೆ ಬೇಡ, ಅದನ್ನು ಈ ಕಲಾವಿದ ಕಂಡುಕೊಂಡಿದ್ದಾನೆ ಎಂದ. ಉಳಿದವರು ತಲೆ ಆಡಿಸಿದರು. ಒಬ್ಬಳು ಕಣ್ಣು ಒರೆಸಿಕೊಂಡಳು.

ಮಾತು ಕೆಟ್ಟದ್ದಲ್ಲ. ಇವರು ಕೇಳಿದ್ದರೆ ಒಂದು ವಾರ ಅದನ್ನೇ ಹೇಳಿ ನನ್ನನ್ನು ಕೆಣಕುತ್ತಿದ್ದರು. ಆದರೆ ನನಗೆ ತಡೆಯಲಾಗಲಿಲ್ಲ. ಹಿಂದಿಯಲ್ಲಿ ಶುರುಮಾಡಿದೆ. ಬೇಕೆಂದು ಬಿಟ್ಟದ್ದಲ್ಲ ಸಾಹೇಬ್ರೆ, ಬರೆದವಳು ನಾನು, ಕೆಳಗಿನಿಂದ ಬರೆದೆ, ಬಿಸಿಲು ಹೋಯಿತು. ಅಡ್ಡಗೆರೆಯ ಮಾತೂ ಹೇಳಿದೆ. ಆರು ತಿಂಗಳಿನ ಮಾತೂ ಹೇಳಿದೆ. ಅಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

ಯಾರ ಮುಖವೂ ಬದಲಾಗಲಿಲ್ಲ. ಚಪಾತಿ ತಿನ್ನುವವರು ತಿನ್ನುತ್ತಿದ್ದರು.

"ಅಮ್ಮ, ನೀನು ಮ್ಯೂಟ್‌ನಲ್ಲಿ ಇದ್ದೀ" ಎಂದಳು ಮಗಳು. "ಎಂತ ಹೇಳಿದ್ದು? ಫಿರ್ ಸೆ ಹೇಳು."

ಎಲ್ಲ ಚೌಕಗಳೂ ನನ್ನನ್ನು ಕಾಯುತ್ತಿದ್ದವು. "ಏನಿಲ್ಲ. ನಮಸ್ಕಾರ ಅಂದೆ" ಎಂದೆ.

ಆಗಸ್ಟು ಬಂತು. ಸಾವಿನ ವರ್ಷ, ನಮಗೆ ಚೌತಿ ಇಲ್ಲ. ಆದರೆ ಅತ್ತಿಗೆಯ ಗಡುವು ಇತ್ತು. ಆಳು ಸಿಗುವುದಿಲ್ಲ ಎಂಬ ನೆವವೂ ಮುಗಿದಿತ್ತು. ಕೆಳಗಿನ ಮನೆಗೆ ಬಣ್ಣದವನು ಬಂದಿದ್ದ. ಅವನಿಗೆ ಸೋಮವಾರ ಬಾ ಎಂದು ಹೇಳಿ, ಸಂಜೆ ಸಂಜೆ ಪ್ಯಾಸೇಜಿನಲ್ಲಿ ನಿಂತು ಮೋಡ ನೋಡುತ್ತಿದ್ದೆ. ತಲೆ ಇಲ್ಲದೆ ಅವರನ್ನು ಸುಣ್ಣದ ಕೆಳಗೆ ಹಾಕುವುದು ನನ್ನಿಂದ ಆಗುತ್ತಿರಲಿಲ್ಲ. ಮೊದಲು ತಲೆ ಬರೆದು ಮುಗಿಸಬೇಕು, ಆಮೇಲೆ ಬೇಕಾದರೆ ಸುಣ್ಣವಾಗಲಿ. ಯಾರ ತಲೆಯ ನೆರಳಿನಿಂದ ಬರೆಯುತ್ತೇನೆ ಎಂದು ಮಾತ್ರ ಯೋಚಿಸಿರಲಿಲ್ಲ.

ನಾಲ್ಕು ದಿನ ಮೋಡ. ಶನಿವಾರ ಮಳೆ ಬಿಟ್ಟು, ಪಶ್ಚಿಮ ತೊಳೆದ ಹಾಗೆ ಆಯಿತು. ನಾನು ನಮ್ಮ ಬಾಗಿಲ ಮುಂದಿನ ಪ್ಲಾಸ್ಟಿಕ್ಕಿನ ಗಂಟು ಬಿಚ್ಚಿದೆ. ನಿಂತ ನೀರು ದಬದಬ ಸುರಿಯಿತು. ಮಾವುಶಿ ಹೊರಗೆ ಬಂದು ಮರಾಠಿಯಲ್ಲಿ ಗದರಿದರು, "ತಲೆ ಕೆಟ್ಟಿತಾ ನಿನಗೆ? ಮಳೆ ಒಳಗೆ ಬರುತ್ತದೆ!" ಇಪ್ಪತ್ತೇ ನಿಮಿಷ ಎಂದೆ. ನನ್ನ ಕೈಯಲ್ಲಿ ಪೆನ್ಸಿಲು ನೋಡಿ ಸುಮ್ಮನೆ ಒಳಗೆ ಹೋದರು.

ಬಿಸಿಲು ಬಿತ್ತು. ಇವರು ಹೇಳಿದ ಹಾಗೆಯೇ, ಬಾಗಿಲ ಚೌಕಟ್ಟಿನ ನೆರಳು ಏಪ್ರಿಲಿನ ಪೆನ್ಸಿಲು ಗೆರೆಗೆ ಬಂದು ಕೂತಿತು. ಕಂದು ಮೈ ಹೊಳೆಯಿತು. ನಾನು ಹೋಗಿ ಪಾದದ ಗೆರೆಯೊಳಗೆ ನನ್ನ ಪಾದ ಇಟ್ಟು ನಿಂತೆ. ನನ್ನ ತಲೆಯ ನೆರಳು ಅವರ ಭುಜದ ಹತ್ತಿರವೂ ಹೋಗಲಿಲ್ಲ. ಎದೆಯಲ್ಲೇ ನಿಂತಿತು. ಸ್ಟೂಲು ಹತ್ತಿದರೆ ಸರಿಯಾದೀತು, ಆದರೆ ಅದು ನನ್ನ ತಲೆ, ತುರುಬು ಸಹಿತ.

ಅಷ್ಟರಲ್ಲಿ ಫೋನು. ಮಗಳ ವಿಡಿಯೊ ಕಾಲ್. ಡಬ್ಬಿಗೆ ಒರಗಿಸಿ ಇಟ್ಟು, ಮತ್ತೆ ಪಾದದ ಗೆರೆಯೊಳಗೆ ನಿಂತೆ. ಇನ್ನೊಂದು ಚೌಕದಲ್ಲಿ ಅತ್ತಿಗೆ ಇದ್ದರು. ಯಾರದೋ ಮನೆಯ ಫೋನು ತಂದು ಮೂಗಿಗೆ ಹತ್ತಿರ ಹಿಡಿದಿದ್ದರು, ಅರ್ಧ ಹಣೆ ಮಾತ್ರ ಕಾಣುತ್ತಿತ್ತು. ಸುಣ್ಣವಾಯಿತಾ ಎಂದು ನೋಡಲಿಕ್ಕೆ ಎಂದು ಮಗಳೇ ಸೇರಿಸಿದ್ದಳು.

"ಇನ್ನೂ ಆಗಲಿಲ್ಲವಾ?" ಎಂದರು ಅತ್ತಿಗೆ.

"ಅತ್ತಿಗೆ, ಅದು ನಾನು ಬರೆದದ್ದು" ಎಂದೆ. ನಿಂತಲ್ಲಿಂದ ಅಲುಗಾಡದೆ ಹೇಳಿದೆ. "ಅವರು ಬರೆದುಕೊಂಡದ್ದಲ್ಲ. ಅವರು ನಿಂತರು, ನಾನು ಬರೆದೆ. ತಲೆ ಕೊನೆಗೆ ಇಟ್ಟೆ. ನಾನು ಸುಳ್ಳು ಹೇಳಿದೆ."

ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಫೋನು ಮ್ಯೂಟ್‌ನಲ್ಲಿ ಇಲ್ಲವಷ್ಟೇ ಎಂದು ನಾನು ಬಗ್ಗಿ ನೋಡಿದೆ. ಇರಲಿಲ್ಲ.

ಅತ್ತಿಗೆಯ ಹಣೆ ಇನ್ನೂ ಹತ್ತಿರ ಬಂತು. ಅವರು ಗೋಡೆಯನ್ನು ನೋಡುತ್ತಿದ್ದರು. ಅದನ್ನು ಅವರು ನೋಡಿದ್ದು ಅದೇ ಮೊದಲು.

"ಗೆರೆ ನೋಡಿದರೆ ಗೊತ್ತಾಗುವುದಿಲ್ಲವಾ?" ಎಂದರು ಕೊನೆಗೆ. "ಅವನ ಕೈ ಯಾವಾಗ ಹೀಗೆ ನಡುಗಿದ್ದು? ಸಣ್ಣವನಿದ್ದಾಗ ಮಸಿಯಲ್ಲಿ ಜಗಲಿಗೆ ಗೆರೆ ಎಳೆದರೆ ಸಹ ನೆಟ್ಟಗೆ ಇರುತ್ತಿತ್ತು. ಸುಳ್ಳು ಹೇಳುವವಳು ಗೆರೆಯಾದರೂ ನೆಟ್ಟಗೆ ಎಳೆಯಬೇಕು."

ನಾನು ನನ್ನ ಡೊಂಕು ಗೆರೆಯ ಕಡೆ ತಿರುಗಿದೆ.

"ಎಡಗಾಲಿಗೆ ಭಾರ ಹಾಕಿ ನಿಂತಿದ್ದಾನೆ, ನೋಡು" ಎಂದರು. "ಬಲಗಾಲಿಗೆ ಮುಳ್ಳು ಹೊಕ್ಕಿ ಬೇನೆಯಾದದ್ದು, ಆಗಿಂದ ಹೀಗೇ. ವಾಸಿಯಾದ ಮೇಲೂ ಹೀಗೇ. ದೂರ ಗದ್ದೆಯಲ್ಲಿ ನಿಂತರೂ ಇವನೇ ಅಂತ ತಿಳಿಯುತ್ತಿತ್ತು. ಇವನ ಗುರುತಿಗೆ ತಲೆ ಯಾಕೆ?"

ಅವರ ಫೋನು ಓರೆಯಾಗಿ ಊರಿನ ಮಾಡು ಕಂಡಿತು, ಮತ್ತೆ ನೇರವಾಯಿತು.

"ಅಡ್ಡ ಯಾಕೆ ನಿಂತಿದ್ದೀ? ಸ್ವಲ್ಪ ಅತ್ತ ಸರಿ, ಮಾರಾಯ್ತಿ. ಅವನು ಕಾಣುವುದಿಲ್ಲ."

ನಾನು ಪಾದದ ಗೆರೆಯಿಂದ ಹೊರಗೆ ಬಂದೆ. ಗೋಡೆಯ ಬದಿಗೆ ಸರಿದು, ಪೆನ್ಸಿಲು ಕಿವಿಯ ಸಂದಿಗೆ ಸಿಕ್ಕಿಸಿ ನಿಂತೆ. ಮೂವರೂ ನೋಡಿದೆವು. ಆಮೇಲೆ ಟವರು ಬಿಸಿಲು ನುಂಗಿತು. ಮಾವುಶಿ ಹೊರಗೆ ಬಂದು ಪ್ಲಾಸ್ಟಿಕ್ಕಿನ ಒಂದು ತುದಿ ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ.

ಸೋಮವಾರ ಬಣ್ಣದವನು ಬಂದ. ಮೂರು ಗೋಡೆಗೆ ಸುಣ್ಣ ಹೊಡೆದು, ನಾಲ್ಕನೆಯದರ ಮುಂದೆ ಬ್ರಷ್ಷು ಹಿಡಿದು ನಿಂತ. ಇದು ಬೇಡವಾ ಎಂದು ಕೇಳಿದ. ಬೇಡ ಎಂದೆ. ನೆಲದ ಪಾದದ ಗೆರೆಯ ಮೇಲೆ ಅವನ ಸುಣ್ಣದ ಎರಡು ಹನಿ ಬಿದ್ದಿತ್ತು. ಒದ್ದೆ ಬಟ್ಟೆಯಿಂದ ಅದನ್ನು ಮಾತ್ರ ಒರೆಸಿದೆ.